ವಿಯೆನ್ನಾದಲ್ಲಿ ನಾವು ಮನೆ ಹಿಡಿದ ಬಗೆ

ಅಡಿಕೆ ಗೊನೆ ಕೊಯ್ಯುವ ಕೊನೆಕೊಯ್ಲು ಮುಗಿದು, ಅಡಿಕೆ ಒಣಗಿಸಿ ಸೊಸೈಟಿಗೆ ಹಾಕಿದ ಮೇಲೆ, ಮಳೆಗಾಲ ಹಿಡಿದು ಕೊಳೆರೋಗಕ್ಕೆ ಔಷಧಿ ಹೊಡೆಯುವ ಕೆಲಸ ಶುರುವಾಗುವ ಮೊದಲು, ಶಿರಸಿ ಸೀಮೆಯ ತೋಟಿಗರಿಗೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಒಂದಿಷ್ಟು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ನಾನು, ನನ್ನ ಹೆಂಡತಿ ಮತ್ತು ಮೊಣಕಾಲು ನೋವಿರುವ ನನ್ನ ಆಯಿ (ತಾಯಿ) ಮೂವರೂ ವಿದೇಶದ ಒಂದೇ ಊರಿನಲ್ಲಿ ಹೆಚ್ಚುಕಡಿಮೆ ಒಂದು ತಿಂಗಳು ನಿಂತು ಬರುವುದೆಂದು ನಿಶ್ಚಯಿಸಿ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾವನ್ನು ಆರಿಸಿದೆವು. ದಿನಕ್ಕೊಂದು ಊರು ತೋರಿಸಿ ಬಸ್ಸು ಹತ್ತಿಸುವ ಪ್ಯಾಕೇಜ್ ಪ್ರವಾಸ ಆಯಿಗೆ ಆಗುವಂಥದ್ದಾಗಿರಲಿಲ್ಲ. ಊರನ್ನು ಆರಿಸುವುದು ಒಂದು ಸಂಜೆಯ ಮಾತಿನಲ್ಲಿ ಮುಗಿಯಿತು. ಆ ಊರಿನೊಳಗೆ ಎಲ್ಲಿ ಇಳಿದುಕೊಳ್ಳಬೇಕು ಎನ್ನುವುದೇ ಬಹಳ ದಿನ ಹಿಡಿಯಿತು.

ಬೆಂಗಳೂರಿನಲ್ಲಿರುವ ಭಾವ ಕೊಟ್ಟ ಸಲಹೆ ನೇರವಾಗಿತ್ತು: ನಗರದ ನಡುವಿನ ಸ್ಟೆಫಾನ್ಸ್‌ಪ್ಲಾಟ್ಸ್ ಚೌಕದ ಸುತ್ತಲಿನ ಒಂದನೆಯ ಜಿಲ್ಲೆಯಲ್ಲಿ (ಅಲ್ಲಿ ಜಿಲ್ಲೆ ಎಂದರೆ ನಗರದ ಒಂದು ವಿಭಾಗ) ಹೋಟೆಲ್ ಹಿಡಿಯಿರಿ, ಎಲ್ಲವೂ ಕಾಲ್ನಡಿಗೆಯಲ್ಲಿ ಸಿಗುತ್ತದೆ. ಎರಡು ಮೂರು ದಿನಕ್ಕೆ ಹೋಗುವವರಿಗೆ ಅದು ಸರಿಯಾದ ಮಾತೇ. ಆದರೆ ತಿಂಗಳುಗಟ್ಟಲೆ ಇರುವವರು ದಿನವೂ ಪ್ರೇಕ್ಷಣೀಯ ಸ್ಥಳಗಳ ನಡುವೆಯೇ ಮಲಗಿ ಏಳುವುದು, ಮಾರಿಕಾಂಬಾ ಜಾತ್ರೆ ನೋಡಲು ಬಂದವರು ಜಾತ್ರೆ ನಡೆಯುವ ಬಿಡ್ಕಿಬೈಲಿನಲ್ಲೇ ಬಿಡಾರ ಹೂಡಿದ ಹಾಗೆ. ಆಯಿಯನ್ನು ಕೇಳಿದಾಗ, “ಮಧ್ಯಾಹ್ನ ಬಿಸಿ ಅನ್ನ ಇದ್ರೆ ಸಾಕು, ಬಾಕಿ ಎಂತಾದ್ರೂ ಆಗ್ತು” ಎಂದರು. ನನ್ನ ಹುಡುಕಾಟಕ್ಕೆ ದಾರಿ ತೋರಿಸಿದ್ದು ಆ ಮಾತು. ಬೆಳಿಗ್ಗೆ ಹೊರಟು, ಒಂದು ಸ್ಥಳ ನೋಡಿ, ಮಧ್ಯಾಹ್ನ ಮನೆಗೆ ಮರಳಿ ಉಂಡು ಮಲಗಿ, ಸಂಜೆ ಮತ್ತೆ ಹೊರಡುವುದು ನಮ್ಮ ದಿನಚರಿಯಾಗುವುದಾದರೆ, ನೋಡಬೇಕಾದದ್ದು ಮನೆಯಿಂದ ಎಷ್ಟು ದೂರ ಎನ್ನುವುದಕ್ಕಿಂತ, ದಣಿದ ಕಾಲಿನಲ್ಲಿ ಮನೆಗೆ ಮರಳುವುದು ಎಷ್ಟು ಸಲೀಸು ಎನ್ನುವುದೇ ಮುಖ್ಯವಾಗುತ್ತದೆ. ಹೋಟೆಲಿನ ವಿಚಾರ ಅಲ್ಲಿಗೇ ಮುಗಿಯಿತು. ಅಡುಗೆಮನೆಯಿರುವ ಫ್ಲ್ಯಾಟ್ ಹುಡುಕತೊಡಗಿದೆವು.

ವಿಯೆನ್ನಾ ನಗರದಲ್ಲಿ 23 ಜಿಲ್ಲೆಗಳಿವೆ. ಪಿನ್‌ಕೋಡಿನ ನಡುವಿನ ಎರಡು ಅಂಕಿಗಳೇ ಜಿಲ್ಲೆಯ ಸಂಖ್ಯೆ: 1010 ಎಂದರೆ ಒಂದನೆಯದು, 1030 ಎಂದರೆ ಮೂರನೆಯದು, 1150 ಎಂದರೆ ಹದಿನೈದನೆಯದು. ಜಾಹೀರಾತಿನಲ್ಲಿ ‘ನಗರಕೇಂದ್ರಕ್ಕೆ ಅತಿ ಸಮೀಪ’ ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು, ಆದರೆ ಪಿನ್‌ಕೋಡನ್ನು ಬದಲಿಸಲು ಬರುವುದಿಲ್ಲ. ಒಳನಗರವನ್ನು ರಿಂಗ್‌ಸ್ಟ್ರಾಸೆ ಎಂಬ ಅಗಲವಾದ ಬೀದಿ ಬಳಸಿಕೊಂಡಿದೆ. ಅದರ ಹೊರಗೆ ಮೂರರಿಂದ ಒಂಬತ್ತರವರೆಗಿನ ಜಿಲ್ಲೆಗಳು, ಅವುಗಳಾಚೆ ಗ್ಯುರ್ಟೆಲ್ ಎಂಬ ವಾಹನ ದಟ್ಟಣೆಯ ವರ್ತುಲ ರಸ್ತೆ. ನಗರದೊಳಗಿನ ಮೆಟ್ರೋ, ಟ್ರಾಮ್, ಬಸ್ಸು ಎಲ್ಲಕ್ಕೂ ಒಂದೇ ದರವಲಯವಿರುವುದರಿಂದ, ಕೇಂದ್ರದಿಂದ ದೂರವಿದ್ದ ಮಾತ್ರಕ್ಕೆ ಟಿಕೆಟ್ಟಿನ ಖರ್ಚು ಹೆಚ್ಚುವುದಿಲ್ಲ. ಇದು ತಿಳಿದ ಮೇಲೆ ನಾನು ನಕ್ಷೆಯಲ್ಲಿ ದೂರ ಅಳೆಯುವುದನ್ನು ಬಿಟ್ಟು, ಮೆಟ್ರೋ ಮಾರ್ಗಗಳನ್ನು ಓದಲು ಕುಳಿತೆ. ಮಾರ್ಗ ಬದಲಿಸುವುದೆಂದರೆ ಉದ್ದನೆಯ ಸುರಂಗದ ಹಾದಿ, ಇನ್ನೊಂದು ಎಸ್ಕಲೇಟರ್, ಇನ್ನೊಂದು ಲಿಫ್ಟ್. ಆಯಿಯ ಮಟ್ಟಿಗೆ ನೇರವಾಗಿ ಆರು ನಿಲ್ದಾಣ ಹೋಗುವುದು, ನಡುವೆ ಒಮ್ಮೆ ಇಳಿದು ಹತ್ತಿ ಮೂರು ನಿಲ್ದಾಣ ಹೋಗುವುದಕ್ಕಿಂತ ಎಷ್ಟೋ ಹಗುರ.

ಹೀಗೆ ನೋಡುತ್ತ ಹೋದಾಗ ಯು3 ಎಂಬ ಮೆಟ್ರೋ ಮಾರ್ಗ ನನಗೆ ಬಹಳ ಹಿಡಿಸಿತು. ಅದು ಸ್ಟೆಫಾನ್ಸ್‌ಪ್ಲಾಟ್ಸ್‌ಗೂ, ಕಲೆ ಮತ್ತು ನಿಸರ್ಗ ವಿಜ್ಞಾನದ ದೊಡ್ಡ ವಸ್ತುಸಂಗ್ರಹಾಲಯಗಳ ಪಕ್ಕದ ಫೋಕ್ಸ್‌ಥಿಯೇಟರ್ ನಿಲ್ದಾಣಕ್ಕೂ ನೇರವಾಗಿ ಹೋಗುತ್ತದೆ. ಅದೇ ಮಾರ್ಗದಲ್ಲಿ ಮೂರನೆಯ ಜಿಲ್ಲೆಯ ರೋಖುಸ್‌ಗಾಸೆ ನಿಲ್ದಾಣವಿದೆ. ಮೇಲೆ ಬಂದರೆ ಎದುರಿಗೇ ರೋಖುಸ್‌ಮಾರ್ಕ್ಟ್ ಎಂಬ ಸಣ್ಣ ಸಂತೆ, ತರಕಾರಿ ಹಣ್ಣುಗಳ ಅಂಗಡಿಗಳು. ಅಲ್ಲಿಂದ ಒಂದೇ ನಿಲ್ದಾಣ ಮುಂದಿರುವ ಲಾಂಡ್‌ಸ್ಟ್ರಾಸೆಯಲ್ಲಿ ಶ್ಯೋನ್‌ಬ್ರುನ್ ಅರಮನೆಗೆ ಹೋಗುವ ಯು4 ಮೆಟ್ರೋ ಸಿಗುತ್ತದೆ, ವಿಮಾನ ನಿಲ್ದಾಣಕ್ಕೆ ಹೋಗುವ ಎಸ್7 ರೈಲೂ ಅಲ್ಲಿಗೇ ಬರುತ್ತದೆ. ಬೆಲ್ವೆಡೇರ್ ಅರಮನೆ ಮತ್ತು ಅದಕ್ಕೆ ತಾಗಿದ ಸಸ್ಯೋದ್ಯಾನ ಇದೇ ಜಿಲ್ಲೆಯಲ್ಲಿವೆ. ಆ ನಿಲ್ದಾಣದಿಂದ ಆಯಿ ನಡೆಯಬಲ್ಲಷ್ಟು ದೂರವನ್ನು ನಕ್ಷೆಯ ಮೇಲೆ ಗೆರೆಯೆಳೆದು, ಅದರೊಳಗಿನ ಮನೆಗಳನ್ನು ಮೊದಲು ನೋಡುವುದೆಂದು ತೀರ್ಮಾನಿಸಿದೆ.

ಇನ್ನು ಮೆಟ್ಟಿಲುಗಳ ವಿಷಯ. ಇದರಲ್ಲಿ ನಾನು ಬೇರೆಲ್ಲದಕ್ಕಿಂತ ಹೆಚ್ಚು ಹೊತ್ತು ಕಳೆದೆ, ಕಳೆದದ್ದು ಸಾರ್ಥಕವೂ ಆಯಿತು. ವಿಯೆನ್ನಾದ ಹಳೆಯ ಕಟ್ಟಡಗಳಲ್ಲಿ ನೆಲಮಟ್ಟದ ಮೇಲೆ ಅರ್ಧ ಅಂತಸ್ತಿನೆತ್ತರದ್ದೊಂದು, ಕೆಲವೆಡೆ ಅದರ ಮೇಲೆ ಮತ್ತೊಂದು ಅಂತಸ್ತು ಇರುತ್ತದೆ. ಇವು ಯಾವುವೂ ಮಹಡಿಯ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ‘ಎರಡನೆಯ ಮಹಡಿ’ ಎಂದು ಬರೆದ ಮನೆ ನಮ್ಮ ಲೆಕ್ಕದಲ್ಲಿ ನಾಲ್ಕನೆಯದಾಗಿರುವ ಸಂಭವವಿದೆ. ಲಿಫ್ಟ್ ಇದೆ ಎಂದ ಮಾತ್ರಕ್ಕೂ ಸಮಾಧಾನಪಡುವಂತಿಲ್ಲ, ಏಕೆಂದರೆ ಹಳೆಯ ಮನೆಗಳಿಗೆ ನಂತರ ಕೂರಿಸಿದ ಕೆಲವು ಲಿಫ್ಟ್‌ಗಳು ಎರಡು ಮಹಡಿಗಳ ನಡುವಿನ ತಿರುವಿನಲ್ಲಿ ನಿಲ್ಲುತ್ತವೆ, ಅಲ್ಲಿಂದ ಅರ್ಧ ಸಾಲು ಮೆಟ್ಟಿಲನ್ನು ಹತ್ತಲೇಬೇಕು. ಆದ್ದರಿಂದ ನಾನು ಮನೆಯವರಿಗೆ ‘ಲಿಫ್ಟ್ ಇದೆಯೇ’ ಎಂದು ಕೇಳುವುದನ್ನೇ ಬಿಟ್ಟು, ‘ಬೀದಿಬಾಗಿಲಿನಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು, ಲಿಫ್ಟಿನಿಂದ ಮನೆಬಾಗಿಲಿನವರೆಗೆ ಎಷ್ಟು’ ಎಂದು ಕೇಳತೊಡಗಿದೆ. ಕೆಲವರು ಉತ್ತರಿಸಲಿಲ್ಲ, ಅಂಥವರ ಮನೆಯನ್ನು ಪಟ್ಟಿಯಿಂದ ತೆಗೆದೆ. ಒಬ್ಬ ಮನೆಯೊಡತಿ ತಾನೇ ಹತ್ತಿ ಎಣಿಸಿ, ಬಾಗಿಲ ಬಳಿ ಐದು, ಲಿಫ್ಟ್ ಬಿಟ್ಟ ಮೇಲೆ ಒಂದೂ ಇಲ್ಲ ಎಂದು ಫೋಟೋ ಸಮೇತ ತಿಳಿಸಿದರು. ಕೊನೆಗೆ ನಾವು ಹಿಡಿದದ್ದು ಅವರದೇ ಮನೆಯನ್ನು.

ಅಡುಗೆಮನೆಯನ್ನು ಫೋಟೋದಲ್ಲೇ ಪರೀಕ್ಷಿಸಬೇಕಾಗುತ್ತದೆ, ಆ ಕೆಲಸವನ್ನು ಹೆಂಡತಿ ವಹಿಸಿಕೊಂಡಳು. ಒಂದನೆಯ ಜಿಲ್ಲೆಯ ಒಂದು ಸುಂದರವಾದ ಮನೆಯಲ್ಲಿ ‘ಅಡುಗೆಮನೆ’ ಎಂದಿದ್ದದ್ದು ಮೈಕ್ರೋವೇವ್ ಮತ್ತು ನೀರು ಕಾಯಿಸುವ ಕೆಟಲ್ ಮಾತ್ರ. ಒಲೆ ಇದ್ದ ಕಡೆಯೂ ಅದು ಇಂಡಕ್ಷನ್ನೋ, ಗಾಜಿನ ಹಾಸಿನ ಸಾದಾ ವಿದ್ಯುತ್ ಒಲೆಯೋ ಎಂದು ಕೇಳಿ ತಿಳಿಯಬೇಕು. ಇಂಡಕ್ಷನ್ ಆಗಿದ್ದರೆ ಅಯಸ್ಕಾಂತ ಹಿಡಿಯದ ಅಲ್ಯೂಮಿನಿಯಂ ಕುಕ್ಕರನ್ನು ಹೊತ್ತೊಯ್ದು ಪ್ರಯೋಜನವಿಲ್ಲ. ಅಲ್ಲಿಯ ವಿದ್ಯುತ್ತೂ ನಮ್ಮಲ್ಲಿಯಂತೆ 230 ವೋಲ್ಟ್, 50 ಹರ್ಟ್ಸ್ ಆಗಿರುವುದರಿಂದ ಪ್ಲಗ್ಗಿಗೊಂದು ಅಡಾಪ್ಟರ್ ಇಟ್ಟುಕೊಂಡು ಸಣ್ಣ ಮಿಕ್ಸಿಯನ್ನೇ ಒಯ್ದೆವು. ತೆಳ್ಳೇವು ದೋಸೆಯ ಹಿಟ್ಟಿಗೂ ಶುಂಠಿ ತಂಬುಳಿಗೂ ಅದು ಸಾಕಾಯಿತು. ಬೇಳೆ, ಸಾಸಿವೆ, ಕರಿಬೇವುಗಳಿಗೆ ಏಳನೆಯ ಜಿಲ್ಲೆಯಲ್ಲಿ ಗ್ಯುರ್ಟೆಲ್ ಹತ್ತಿರ ಭಾರತೀಯ ದಿನಸಿ ಸಿಗುತ್ತದೆ. ಕುಡಿಯುವ ನೀರಿನ ಚಿಂತೆಯಂತೂ ಇರಲಿಲ್ಲ: 1873ರಿಂದಲೂ ಆಲ್ಪ್ಸ್ ಬೆಟ್ಟಗಳ ಒರತೆಯ ನೀರು ಕೊಳವೆಯಲ್ಲಿ ನಗರಕ್ಕೆ ಬರುತ್ತಿದೆ, ನಲ್ಲಿಯಿಂದಲೇ ಹಿಡಿದು ಕುಡಿಯಬಹುದು.

ಭಾನುವಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಸ್ಟ್ರಿಯಾದಲ್ಲಿ ಭಾನುವಾರ ಮತ್ತು ಸರ್ಕಾರಿ ರಜೆಗಳಂದು, ದೊಡ್ಡ ರೈಲು ನಿಲ್ದಾಣಗಳ ಒಳಗಿನ ಕೆಲವನ್ನು ಬಿಟ್ಟರೆ, ಸೂಪರ್ ಮಾರ್ಕೆಟ್ಟುಗಳು ಮುಚ್ಚಿರುತ್ತವೆ. ಮೇ ತಿಂಗಳಲ್ಲಿ ಕಾರ್ಮಿಕರ ದಿನಾಚರಣೆಯ ಜೊತೆ ಕ್ರೈಸ್ತರ ಹಬ್ಬಗಳೂ ಬರುತ್ತವೆ. ಶನಿವಾರವೇ ಹಾಲು, ಮೊಸರು ತಂದಿಡಲು ಒಳ್ಳೆಯ ಫ್ರಿಜ್ ಬೇಕು, ಪುಟ್ಟ ಮಿನಿಬಾರ್ ಸಾಲದು.

ಮಲಗುವ ಕೋಣೆ ಬೀದಿಯ ಕಡೆಗೋ ಒಳ ಅಂಗಳದ ಕಡೆಗೋ ಎಂಬುದನ್ನೂ ಕೇಳಿದ್ದೆ. ಹಳೆಯ ಮನೆಗಳ ಎರಡು ಪದರದ ಕಿಟಕಿ ಮುಚ್ಚಿದಾಗ ಟ್ರಾಮಿನ ಸದ್ದು ಅಷ್ಟಾಗಿ ಕೇಳಿಸುವುದಿಲ್ಲ, ತೆರೆದರೆ ಕಷ್ಟ. ತೋಟದ ಮನೆಯಲ್ಲಿ ಮಲಗಿ ರೂಢಿಯಾದ ನಮಗೆ ಅಂಗಳದ ಕಡೆಯದೇ ಸರಿಹೋಯಿತು. ಇಂಥ ವಿಷಯಗಳು ಜಾಹೀರಾತಿನಲ್ಲಿ ಸಿಗುವುದಿಲ್ಲ, ಮೊದಲು ಅಲ್ಲಿ ತಂಗಿ ಹೋದವರ ಅಭಿಪ್ರಾಯಗಳಲ್ಲಿ ಸಿಗುತ್ತವೆ. ಅದರಲ್ಲಿಯೂ ವಾರಕ್ಕಿಂತ ಹೆಚ್ಚು ಇದ್ದವರು ಬರೆದದ್ದನ್ನು ಮಾತ್ರ, ಜರ್ಮನ್ ಭಾಷೆಯಲ್ಲಿದ್ದರೆ ಫೋನಿನಲ್ಲಿ ಅನುವಾದಿಸಿಕೊಂಡು, ಗಮನವಿಟ್ಟು ಓದಿದೆ. ಎರಡು ರಾತ್ರಿ ತಂಗಿ ‘ಅದ್ಭುತ’ ಎಂದು ಬರೆದವರ ಮಾತಿನಿಂದ ನಮಗೆ ಆಗಬೇಕಾದದ್ದೇನೂ ಇರಲಿಲ್ಲ.

ಹಣದ ಲೆಕ್ಕದಲ್ಲಿ ರಾತ್ರಿಯ ಬಾಡಿಗೆಯನ್ನು ನಾನು ನೋಡಲೇ ಇಲ್ಲ. ತಿಂಗಳ ರಿಯಾಯಿತಿ ಕಳೆದು, ಸ್ವಚ್ಛತಾ ಶುಲ್ಕ ಮತ್ತು ನಗರದ ವಸತಿ ತೆರಿಗೆ ಕೂಡಿಸಿ ಬಂದ ಒಟ್ಟು ಮೊತ್ತಗಳನ್ನು ಮಾತ್ರ ಹೋಲಿಸಿದೆ. ಹದಿನೈದನೆಯ ಜಿಲ್ಲೆಯ ಒಂದು ಮನೆ ಈ ಲೆಕ್ಕದಲ್ಲಿ ಬಹಳ ಅಗ್ಗವಾಗಿತ್ತು, ಆದರೆ ಅದು ಲಿಫ್ಟ್ ಇಲ್ಲದ ನಾಲ್ಕನೆಯ ಮಹಡಿ. ಇನ್ನೊಂದು ಎಚ್ಚರವೂ ಅಗತ್ಯ: 2024ರ ಜುಲೈ 1ರಿಂದ ವಿಯೆನ್ನಾದಲ್ಲಿ ವಾಸದ ಮನೆಯನ್ನು ವಿಶೇಷ ಪರವಾನಗಿಯಿಲ್ಲದೆ ವರ್ಷಕ್ಕೆ 90 ದಿನಕ್ಕಿಂತ ಹೆಚ್ಚು ಪ್ರವಾಸಿಗರಿಗೆ ಕೊಡುವಂತಿಲ್ಲ. ಪರವಾನಗಿಯ ಬಗ್ಗೆ ವಿಚಾರಿಸಿದಾಗ ಹಾರಿಕೆಯ ಉತ್ತರ ಕೊಟ್ಟು, ಮುಂಗಡವನ್ನು ನೇರವಾಗಿ ತನ್ನ ಖಾತೆಗೆ ಹಾಕಿ ಎಂದವನ ಸಹವಾಸವನ್ನು ಅಲ್ಲಿಗೇ ಬಿಟ್ಟೆ.

ಆಸ್ಟ್ರಿಯಾ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಅರ್ಜಿಯೊಂದಿಗೆ ತಂಗುವ ಜಾಗದ ದಾಖಲೆಯನ್ನು ಕೊಡಬೇಕಾದ್ದರಿಂದ ವೀಸಾ ಕೈಗೆ ಬರುವ ಮೊದಲೇ ಮನೆ ಕಾಯ್ದಿರಿಸಬೇಕಾಗುತ್ತದೆ. ಹಾಗಾಗಿ ಸ್ವಲ್ಪ ಹೆಚ್ಚು ತೆತ್ತಾದರೂ, ರದ್ದು ಮಾಡಿದರೆ ಪೂರ್ತಿ ಹಣ ಮರಳುವ ಷರತ್ತಿನಲ್ಲೇ ಕಾಯ್ದಿರಿಸಿದೆ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಸಲ್ಲಿಸಬಹುದು. ನಮ್ಮಂತೆ ಏಪ್ರಿಲ್‌ನಲ್ಲಿ ಹೊರಡುವವರು ಕೊನೆಕೊಯ್ಲಿನ ಗಡಿಬಿಡಿ ಏರುವ ಮೊದಲೇ ಮನೆಯನ್ನು ಗೊತ್ತುಮಾಡಿಕೊಂಡರೆ, ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬರುವುದಕ್ಕೆ ಒಂದೆರಡು ದಿನ ಹೊಂದಿಸಿಕೊಳ್ಳುವುದು ಕಷ್ಟವಾಗುವುದಿಲ್ಲ.