ಸ್ಲಗ್ ಪರೀಕ್ಷೆಗೊಂದು ಲೋಹದ ದಿಂಡು: ಎರಕದಿಂದ ಪೇಟೆಂಟ್ ಅರ್ಜಿಯವರೆಗೆ

ಕೊಳವೆಬಾವಿಯ ಸುತ್ತಲಿನ ಪದರವು ನೀರನ್ನು ಎಷ್ಟು ಸಲೀಸಾಗಿ ಹಾಯಲು ಬಿಡುತ್ತದೆ ಎಂದು ತಿಳಿಯಲು ಪಂಪು ಇಳಿಸಿ ಗಂಟೆಗಟ್ಟಲೆ ನೀರೆತ್ತುವುದು ಎಲ್ಲರಿಗೂ ಪರಿಚಿತವಾದ ವಿಧಾನ. ಆದರೆ ನೀರು ನಿಧಾನವಾಗಿ ಒಸರುವ ಬಾವಿ ಪಂಪು ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಬರಿದಾಗುತ್ತದೆ. ಮಲಿನ ನೀರಿನ ವೀಕ್ಷಣಾ ಬಾವಿಯಲ್ಲಾದರೆ ಎತ್ತಿದ ನೀರನ್ನು ಎಲ್ಲಿಗೆ ಬಿಡುವುದೆಂಬ ಚಿಂತೆ ಬೇರೆ. ಇಂಥ ಕಡೆ ನಾನು ಮಾಡುವುದು ಸ್ಲಗ್ ಪರೀಕ್ಷೆ. ಅಳತೆ ಗೊತ್ತಿರುವ ಒಂದು ದಿಂಡನ್ನು ನೀರಿನೊಳಕ್ಕೆ ಚಕ್ಕನೆ ಇಳಿಸಿ, ಏರಿದ ಮಟ್ಟವು ಮೊದಲಿನ ಸ್ಥಿತಿಗೆ ಹೇಗೆ ಇಳಿಯುತ್ತದೆಂದು ದಾಖಲಿಸಬೇಕು. ಬಳಿಕ ದಿಂಡನ್ನು ಮೇಲೆಳೆದು, ಕುಸಿದ ಮಟ್ಟ ಹೇಗೆ ಏರುತ್ತದೆಂದು ನೋಡಬೇಕು. ಈ ದಿಂಡನ್ನು ಲೋಹದ ಕಾಂಪೊಸಿಟ್‌ನಿಂದ, ಅಂದರೆ ಲೋಹದೊಳಗೆ ಬೇರೆ ವಸ್ತು ಸೇರಿಸಿದ ಮಿಶ್ರವಸ್ತುವಿನಿಂದ, ನಾನು ಮಾಡಿಕೊಂಡ ಬಗೆಯನ್ನೂ ಅದಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸುವಾಗ ಯಾವುದು ನನ್ನದು, ಯಾವುದು ಅಲ್ಲ ಎಂದು ಗೆರೆ ಎಳೆದುಕೊಂಡ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಎರಡೂ ತುದಿ ಮುಚ್ಚಿದ ಪ್ಲಾಸ್ಟಿಕ್ ಪೈಪಿನೊಳಗೆ ಮರಳು ತುಂಬಿದರೆ ದಿಂಡು ಸಿದ್ಧವಾಗುತ್ತದೆ, ಅನೇಕರು ಹಾಗೆಯೇ ಮಾಡುತ್ತಾರೆ. ಬೇಗ ನೀರು ಬಿಡುವ ಪದರದಲ್ಲಿ ಅದರಿಂದ ತೊಂದರೆಯೇನೂ ಇಲ್ಲ. ಪರೀಕ್ಷೆ ಗಂಟೆಗಳವರೆಗೆ ನಡೆಯುವ ಬಾವಿಯಲ್ಲಿ ಮಾತ್ರ ಮುಚ್ಚಳದ ಸಂದಿನಿಂದ ನೀರು ಒಳಸೇರತೊಡಗುತ್ತದೆ. ಒಳಗೆ ಹೋದ ನೀರಿನಷ್ಟು ಬಾವಿಯ ಮಟ್ಟ ಇಳಿಯುತ್ತದೆ. ಆ ಇಳಿತವು ಪದರದೊಳಕ್ಕೆ ನೀರು ಹೋದಾಗ ಕಾಣುವ ಇಳಿತದಂತೆಯೇ ಇರುತ್ತದೆ. ಒಂದು ಲೆಕ್ಕ ನೋಡಿ. ಒಳವ್ಯಾಸ 100 ಮಿ.ಮೀ. ಇರುವ ಕೇಸಿಂಗ್‌ನಲ್ಲಿ 60 ಮಿ.ಮೀ. ವ್ಯಾಸದ, 1 ಮೀಟರ್ ಉದ್ದದ ದಿಂಡು ಮುಳುಗಿದರೆ ಅದು ಸುಮಾರು 2.83 ಲೀಟರ್ ನೀರನ್ನು ತಳ್ಳುತ್ತದೆ, ಮಟ್ಟ 36 ಸೆಂ.ಮೀ. ಏರುತ್ತದೆ. ದಿಂಡು 50 ಮಿ.ಲೀ. ನೀರು ಹೀರಿದರೆ ಮಟ್ಟದಲ್ಲಿ 6 ಮಿ.ಮೀ.ಗೂ ಹೆಚ್ಚಿನ ವ್ಯತ್ಯಾಸವಾಗುತ್ತದೆ. ಮೊದಲಿಗೆ ಇದು ಶೇ. 2ಕ್ಕಿಂತ ಕಡಿಮೆ, ಆದರೆ ಉಳಿದ ಏರಿಕೆ 13 ಸೆಂ.ಮೀ.ಗೆ ಬರುವ ಹೊತ್ತಿಗೆ ಶೇ. 5ರಷ್ಟಾಗುತ್ತದೆ. ಬಾವಿಯ ಗುಣವೆಂದು ನಾವು ಓದಿಕೊಳ್ಳುವ ರೇಖೆಯಲ್ಲಿ ದಿಂಡಿನ ದೋಷವೂ ಬೆರೆತಿರುತ್ತದೆ, ಮತ್ತು ಆಮೇಲೆ ಅದನ್ನು ಬೇರ್ಪಡಿಸಲು ದಾರಿಯಿಲ್ಲ. ನನ್ನ ಕೆಲಸವೆಲ್ಲ ಹುಟ್ಟಿದ್ದು ಈ ಒಂದು ಕಾರಣದಿಂದ.

ಇದೇ ಅಳತೆಯ ಗಟ್ಟಿ ಉಕ್ಕಿನ ದಿಂಡು ಹೀರುವುದಿಲ್ಲ, ಆದರೆ 22 ಕೆ.ಜಿ. ತೂಗುತ್ತದೆ, ಅದನ್ನು ಕೈಯಿಂದ ಚಕ್ಕನೆ ಇಳಿಸಿ, ಕುಲುಕದೆ ನಿಲ್ಲಿಸುವುದು ಕಷ್ಟ. ಅಲ್ಯೂಮಿನಿಯಂ ಆದರೂ ಏಳೂವರೆ ಕೆ.ಜಿ. ದಾಟುತ್ತದೆ. ಕಲ್ಲಿದ್ದಲು ಸುಡುವಾಗ ಬರುವ ಹಾರುಬೂದಿಯಲ್ಲಿ ಸೆನೋಸ್ಫಿಯರ್ ಎಂಬ ಟೊಳ್ಳು ಗೋಲಿಗಳಿರುತ್ತವೆ. ಅವು ನೀರಿನ ಮೇಲೆ ತೇಲುವಷ್ಟು ಹಗುರ. ಇವುಗಳ ನಡುವಿನ ಸಂದುಗಳಿಗೆ ಅಲ್ಯೂಮಿನಿಯಂ ತುಂಬಿದರೆ ನೀರಿಗಿಂತ ತುಸು ಭಾರವಾದ, ಗಟ್ಟಿಯಾದ ವಸ್ತು ದೊರೆಯುತ್ತದೆ. ಕರಗಿದ ಲೋಹಕ್ಕೆ ಗೋಲಿಗಳನ್ನು ಸುರಿದು ಕಲಕಿದರೆ ಅವು ಮೇಲಕ್ಕೆ ತೇಲಿ ಒಂದೆಡೆ ಸೇರುತ್ತವೆ. ಆದ್ದರಿಂದ ಗೋಲಿಗಳನ್ನು ಅಂಟಿನಿಂದ ಕಟ್ಟಿ ಒಣಗಿಸಿ, ಸುಟ್ಟು, ದಿಂಡಿನ ಆಕಾರದ ಗಟ್ಟಿ ಒಡಲನ್ನು ಮೊದಲು ಮಾಡಿಕೊಂಡೆ. ಅದನ್ನು ಅಚ್ಚಿನಲ್ಲಿರಿಸಿ, ಬಿಸಿ ಮಾಡಿ, ಕರಗಿದ ಲೋಹವನ್ನು ಅನಿಲದ ಒತ್ತಡದಿಂದ ಒಳನುಗ್ಗಿಸಿದೆ. ಲೋಹ ಗೋಲಿಗಳಿಗೆ ಚೆನ್ನಾಗಿ ಅಂಟುವಂತೆ ಸ್ವಲ್ಪ ಮೆಗ್ನೀಸಿಯಂ ಸೇರಿಸಬೇಕು. ಒತ್ತಡ ಕಡಿಮೆಯಾದರೆ ಸಂದುಗಳು ಖಾಲಿ ಉಳಿಯುತ್ತವೆ, ಹೆಚ್ಚಾದರೆ ಗೋಲಿಗಳು ಒಡೆದು ಅವುಗಳೊಳಗೂ ಲೋಹ ತುಂಬಿ ದಿಂಡು ಭಾರವಾಗುತ್ತದೆ. ಎರಡನ್ನೂ ತಕ್ಕಡಿ ತೋರಿಸಿಕೊಡುತ್ತದೆ: ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿ ಸಾಂದ್ರತೆ ಕಂಡುಕೊಳ್ಳುವುದು ಹಳೆಯ ಕ್ರಮ, ಇಲ್ಲಿ ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಆದರೂ ಒಡಲಿನಲ್ಲಿ ಎಲ್ಲೋ ಒಂದೆರಡು ಸೂಕ್ಷ್ಮ ರಂಧ್ರಗಳು ಉಳಿದೇ ಉಳಿಯುತ್ತವೆ. ಅದಕ್ಕಾಗಿ ಒಡಲಿಗೂ ಅಚ್ಚಿನ ಗೋಡೆಗೂ ನಡುವೆ ಸುತ್ತಲೂ ತೆಳುವಾದ ಅಂತರ ಬಿಟ್ಟೆ. ಲೋಹವು ಮೊದಲು ಆ ಅಂತರವನ್ನು ತುಂಬಿ, ಆಮೇಲೆ ಒಳಕ್ಕೆ ಇಳಿಯುತ್ತದೆ. ಹೀಗಾಗಿ ಹೊರಗಿನ ಅಖಂಡ ಲೋಹದ ಪದರ ಮತ್ತು ಒಳಗಿನ ಹಗುರ ತಿರುಳು ಒಂದೇ ಎರಕದಲ್ಲಿ, ಬೆಸುಗೆಯಿಲ್ಲದೆ ಕೂಡಿಕೊಳ್ಳುತ್ತವೆ. ಸಿದ್ಧವಾದ ದಿಂಡನ್ನು ಮುಚ್ಚಿದ ಪಾತ್ರೆಯ ನೀರಿನಲ್ಲಿ, ಬಾವಿಯಲ್ಲಿ ಎದುರಾಗುವುದಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಇಡೀ ರಾತ್ರಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗುತ್ತೇನೆ. ತೂಕ ಹೆಚ್ಚಿದ್ದರೆ ಆ ದಿಂಡು ಬಾವಿಗೆ ಇಳಿಯುವುದಿಲ್ಲ. ಇನ್ನೊಂದು ಎಚ್ಚರವೂ ಬೇಕು: ಸ್ಟೇನ್‌ಲೆಸ್ ಉಕ್ಕಿನ ಕೊಕ್ಕೆ ಅಲ್ಯೂಮಿನಿಯಂಗೆ ನೇರವಾಗಿ ತಾಗಿದರೆ ನೀರಿನಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ, ಆದ್ದರಿಂದ ನಡುವೆ ನೈಲಾನ್ ಬಿಲ್ಲೆ ಹಾಕಬೇಕು.

ಪರೀಕ್ಷೆಯ ದಿನ ಮೊದಲು ಸ್ಥಿರ ನೀರಿನ ಮಟ್ಟ ಅಳೆದು, ದಿಂಡು ಎಂದಿಗೂ ತಾಗದಷ್ಟು ಆಳದಲ್ಲಿ ಒತ್ತಡ ಸಂವೇದಕ ಇಳಿಸುತ್ತೇನೆ. ಒಂದು ಮೀಟರ್ ನೀರಿಗೆ ಸುಮಾರು 9.8 ಕಿಲೋಪಾಸ್ಕಲ್ ಒತ್ತಡ ದಾಖಲಾಗುತ್ತದೆ. ದಿಂಡು ಇಳಿದ ಕ್ಷಣದಲ್ಲಿ ಕಂಡ ಏರಿಕೆಯನ್ನು ಲೆಕ್ಕದ 36 ಸೆಂ.ಮೀ. ಜೊತೆ ಹೋಲಿಸುವುದನ್ನು ಯಾರೂ ಬಿಡಬಾರದು. ಏರಿಕೆ ಕಡಿಮೆಯಿದ್ದರೆ ಕೇಸಿಂಗ್ ಸುತ್ತಲಿನ ಜಲ್ಲಿಯೂ ನೀರು ತುಂಬಿಕೊಳ್ಳುತ್ತಿರಬಹುದು. ದಿಂಡಿನ ಗಾತ್ರ ಬದಲಾಗದೆಂಬ ಭರವಸೆ ಇದ್ದಾಗ ಮಾತ್ರ ಈ ಹೋಲಿಕೆಗೆ ಅರ್ಥವಿರುತ್ತದೆ. ಬಳಿಕ ಉಳಿದ ಏರಿಕೆಗೂ ಮೊದಲ ಏರಿಕೆಗೂ ಇರುವ ಅನುಪಾತವನ್ನು ಲಾಗ್ ಮಾಪನದಲ್ಲಿ ಕಾಲದ ಎದುರು ಗುರುತಿಸಿ, ಅದು 0.37ಕ್ಕೆ ಇಳಿದ ಕಾಲವನ್ನು ಓದಿಕೊಂಡರೆ ಹ್ವೋರ್ಸ್‌ಲೆವ್ 1951ರಲ್ಲಿ ಕೊಟ್ಟ ಸೂತ್ರದಿಂದ ಪದರದ ವಾಹಕತೆ, ಅಂದರೆ ನೀರನ್ನು ಹಾಯಲು ಬಿಡುವ ಗುಣದ ಅಳತೆ, ಸಿಗುತ್ತದೆ. ಮೇಲ್ಭಾಗ ಮುಚ್ಚಿರದ ಪದರಕ್ಕೆ 1976ರ ಬೌವರ್–ರೈಸ್ ವಿಧಾನವನ್ನು ಬಳಸುತ್ತೇನೆ. ಚಿಕ್ಕ ದಿಂಡಿನಿಂದಲೂ ದೊಡ್ಡ ದಿಂಡಿನಿಂದಲೂ ಪರೀಕ್ಷೆ ಮಾಡಿ, ಅನುಪಾತದ ರೇಖೆಗಳು ಒಂದರ ಮೇಲೊಂದು ಕೂಡಿದರೆ ಮಾತ್ರ ಫಲಿತಾಂಶ ಬರೆಯುತ್ತೇನೆ. ಅದಕ್ಕೆಂದೇ ದಿಂಡನ್ನು ಒಂದಕ್ಕೊಂದು ತಿರುಗಿಸಿ ಜೋಡಿಸುವ ತುಂಡುಗಳಾಗಿ ಮಾಡಿದೆ. ಜೋಡಣೆಯಲ್ಲಿ ಗಾಳಿ ಸಿಕ್ಕಿಕೊಳ್ಳದಂತೆ ಪಕ್ಕಕ್ಕೆ ಒಂದು ಗೀರು ಇದೆ.

ಪೇಟೆಂಟ್ ವಿಚಾರಕ್ಕೆ ಬಂದರೆ, ಹಾರುಬೂದಿ ಬೆರೆಸಿದ ಅಲ್ಯೂಮಿನಿಯಂ ಹೊಸದಲ್ಲ, ಪ್ರದೀಪ್ ರೋಹತ್ಗಿ ಮುಂತಾದವರು ಅದರ ಮೇಲೆ ದಶಕಗಳಿಂದ ಕೆಲಸ ಮಾಡಿದ್ದಾರೆ. ದಿಂಡು ಇಳಿಸುವ ಪರೀಕ್ಷೆಯೂ ಹಳೆಯದು, ಮತ್ತು ಲೆಕ್ಕದ ಸೂತ್ರಕ್ಕೆ ಸೂತ್ರವಾಗಿ ಹಕ್ಕು ಕೇಳಲಾಗದು. ಇವೆಲ್ಲವನ್ನೂ ಹಿಂದಿನ ಕೆಲಸಗಳ ಶೋಧದಲ್ಲಿ ಪಟ್ಟಿ ಮಾಡಿದ ಮೇಲೆ ಉಳಿದದ್ದು, ಅಖಂಡ ಹೊರಪದರ, ಗಾತ್ರ ಗುರುತಿಸಿದ ತುಂಡುಗಳು ಮತ್ತು ಗಾಳಿ ಬಿಡುವ ಜೋಡಣೆ ಇವು ಮೂರೂ ಕೂಡಿದ ಸಾಧನ. ಕ್ಲೈಮ್ ಅನ್ನು, ಅಂದರೆ ನನ್ನದೆಂದು ಹಕ್ಕು ಕೇಳುವ ಭಾಗವನ್ನು, ಅಷ್ಟಕ್ಕೇ ಬರೆದೆ. ಅರ್ಜಿ ಸಲ್ಲಿಸುವ ಮುನ್ನ ನಡೆಸಿದ ಪರೀಕ್ಷೆಗಳಿಗೆ ಗೋಪ್ಯತೆಯ ಒಪ್ಪಂದ ಮಾಡಿಕೊಂಡೆ, ಏಕೆಂದರೆ ಮೊದಲೇ ಬಹಿರಂಗವಾದ ಸಾಧನ ಅನೇಕ ದೇಶಗಳ ಕಾನೂನಿನಲ್ಲಿ ಹೊಸತನ ಕಳೆದುಕೊಳ್ಳುತ್ತದೆ. ಮೊದಲ ಅರ್ಜಿಯ ನಂತರ ಇತರ ದೇಶಗಳಲ್ಲಿ ಅದೇ ಆದ್ಯತಾ ದಿನಾಂಕವನ್ನು (ಹೊಸತನವನ್ನು ಅಳೆಯುವ ದಿನ) ಉಳಿಸಿಕೊಂಡು ಅರ್ಜಿ ಸಲ್ಲಿಸಲು 12 ತಿಂಗಳ ಅವಕಾಶವಿರುತ್ತದೆ. ವಿವರಣೆಯಲ್ಲಿ ಅಂತರದ ಅಳತೆ, ಒತ್ತಡ, ನೆನೆಸಿ ತೂಗುವ ಕ್ರಮ ಯಾವುದನ್ನೂ ಮುಚ್ಚಿಡಲಿಲ್ಲ. ಎರಕ ಬಲ್ಲವರೊಬ್ಬರು ಅದನ್ನು ಓದಿ ದಿಂಡು ಮಾಡಲಾಗಬೇಕು, ಕಾನೂನು ಕೇಳುವುದೂ ಅದನ್ನೇ.

ನೀರು ಅತಿ ವೇಗವಾಗಿ ಹಾಯುವ ಜಲ್ಲಿ ಪದರಗಳಲ್ಲಿ ಮಟ್ಟವು ಇಳಿಯುವ ಬದಲು ಮೇಲೆ ಕೆಳಗೆ ತೂಗಾಡುತ್ತದೆ. ಅಲ್ಲಿ ಈ ದಿಂಡನ್ನು ಬಳಸುವುದಿಲ್ಲ. ಬಾವಿಯ ಬಾಯಿ ಮುಚ್ಚಿ, ಗಾಳಿಯ ಒತ್ತಡದಿಂದ ನೀರನ್ನು ತಗ್ಗಿಸಿ, ಒಮ್ಮೆಲೇ ಬಿಡುವ ವಿಧಾನವನ್ನು ಅನುಸರಿಸುತ್ತೇನೆ.