ನ್ಯೂಯಾರ್ಕಿನ ಬೆಳಗಿನ ಟಿವಿ ಶೋಗೆ ಪುಕ್ಕಟೆ ಟಿಕೆಟ್: ನನ್ನ ಅನುಭವ

ನ್ಯೂಯಾರ್ಕಿನ ಬೆಳಗಿನ ಟಿವಿ ಶೋಗಳಿಗೆ ಪ್ರೇಕ್ಷಕರಾಗಿ ಹೋಗಲು ಒಂದು ಡಾಲರ್ ಕೂಡ ಕೊಡಬೇಕಾಗಿಲ್ಲ. ಯಾರಾದರೂ ದುಡ್ಡಿಗೆ ಟಿಕೆಟ್ ಕೊಡಿಸುತ್ತೇನೆ ಅಂದರೆ ಅವರ ಸಹವಾಸವೇ ಬೇಡ.

ನಾನು ಹೋಗಿದ್ದು 'ಲೈವ್ ವಿತ್ ಕೆಲ್ಲಿ ಅಂಡ್ ಮಾರ್ಕ್'ಗೆ. ನ್ಯೂಜೆರ್ಸಿಯ ನಮ್ಮ ಮನೆಗೆ ಬಂದಾಗಲೆಲ್ಲ ಅಮ್ಮ ಬೆಳಿಗ್ಗೆ 9 ಗಂಟೆಗೆ ಟಿವಿ ಮುಂದೆ ಕೂತು ನೋಡುವ ಶೋ ಅದು. ಇಂಗ್ಲಿಷ್ ಅರ್ಧಂಬರ್ಧ ಅರ್ಥವಾದರೂ, ಅದನ್ನು ನಡೆಸಿಕೊಡುವ ಗಂಡ ಹೆಂಡತಿ ಕೆಲ್ಲಿ, ಮಾರ್ಕ್ ಮಾತಾಡುವ ರೀತಿ ಅವರಿಗೆ ತುಂಬಾ ಇಷ್ಟ. ಹಾಗಾಗಿ ಕರ್ಕೊಂಡು ಹೋಗಲೇಬೇಕು ಅಂತ ಹಟ ಹಿಡಿದೆ.

ಟಿಕೆಟ್ ಕೇಳುವುದು ಸುಲಭ. ಶೋದ ವೆಬ್‌ಸೈಟಿಗೆ ಹೋಗಿ, ದಿನ ಆರಿಸಿ, ಎಷ್ಟು ಜನ ಅಂತ ಹಾಕಿ ಕಳಿಸಬೇಕು, ಅಷ್ಟೇ. ಯಾವ ದಿನ ಕೇಳುತ್ತೀರಿ ಅನ್ನೋದರಲ್ಲೇ ಎಲ್ಲಾ ಇದೆ. ಕ್ರಿಸ್‌ಮಸ್ ಹತ್ತಿರ, ಶಾಲೆಗೆ ರಜೆ ಇರುವಾಗ ಎಲ್ಲರೂ ಕೇಳುತ್ತಾರೆ. ನಾನು ಚಳಿ ಕೊರೆಯುವ ಫೆಬ್ರವರಿಯ ವಾರದ ಮಧ್ಯದ ದಿನ, ಇಬ್ಬರಿಗೆ ಮಾತ್ರ ಕೇಳಿದೆ. ಆರು ಜನ ಒಟ್ಟಿಗೆ ಅಂದರೆ ಸಿಗುವುದು ಕಷ್ಟ, ಇಬ್ಬರನ್ನು ಎಲ್ಲಾದರೂ ಕೂರಿಸಬಹುದು ಅಲ್ವಾ? ಇನ್ನೊಂದು ವಿಷಯ, ಕೆಲವು ಎಪಿಸೋಡ್ ಮೊದಲೇ ರೆಕಾರ್ಡ್ ಆಗಿರುತ್ತವೆ, ನಿಜವಾಗಿ ಲೈವ್ ನೋಡುವ ಆಸೆ ಇದ್ದರೆ ಅದನ್ನೂ ಗಮನಿಸಿ.

ಈಮೇಲಿನಲ್ಲಿ ಟಿಕೆಟ್ ಬಂದ ಮೇಲೂ ನಿರಾಳ ಆಗಬೇಡಿ. ಕೆಲವರು ಬರದೇ ಇರುತ್ತಾರೆ ಅಂತ ಇಂಥ ಶೋಗಳು ಇರುವ ಸೀಟಿಗಿಂತ ಜಾಸ್ತಿ ಟಿಕೆಟ್ ಕೊಡುತ್ತವೆ, ಮೊದಲು ಬಂದವರಿಗೆ ಮೊದಲು ಜಾಗ. ಅದಕ್ಕೇ ನಾವು ಕತ್ತಲಲ್ಲೇ ಹೊರಟೆವು. ಪೆನ್ ಸ್ಟೇಷನ್ನಿಗೆ ರೈಲು, ಅಲ್ಲಿಂದ 1ನೇ ನಂಬರ್ ಸಬ್‌ವೇಯಲ್ಲಿ 66ನೇ ಸ್ಟ್ರೀಟ್. ಆಗ ಸ್ಟುಡಿಯೋ ಲಿಂಕನ್ ಸ್ಕ್ವೇರ್‌ನಲ್ಲಿತ್ತು. 2025ರಲ್ಲಿ ಅದು ಕೆಳ ಮ್ಯಾನ್‌ಹಟನ್ನಿನ ಹಡ್ಸನ್ ಸ್ಕ್ವೇರ್‌ಗೆ ಹೋಯಿತು, ಆದ್ದರಿಂದ ಹಳೆ ವಿಳಾಸ ನಂಬದೆ ಟಿಕೆಟ್ಟಿನಲ್ಲಿ ಇರುವುದನ್ನೇ ನೋಡಿ. ಫೋಟೋ ಇರುವ ಗುರುತಿನ ಚೀಟಿ ಜೊತೆಗಿರಲಿ, ಊರಿಂದ ಬಂದವರು ಪಾಸ್‌ಪೋರ್ಟ್ ತರಬೇಕು. ದೊಡ್ಡ ಬ್ಯಾಗು ಮನೆಯಲ್ಲೇ ಇರಲಿ.

ಅಮ್ಮ ಗಾಢ ಹಸಿರು ರೇಷ್ಮೆ ಸೀರೆ ಉಟ್ಟಿದ್ದರು. ಪ್ರೇಕ್ಷಕರು ಎದ್ದು ಕಾಣುವ ಬಣ್ಣ ಹಾಕಿಕೊಂಡು ಬಂದರೆ ಈ ಶೋಗಳವರಿಗೆ ಖುಷಿ, ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತದೆ. ಸೀರೆ ಮೇಲೆ ಸ್ವೆಟರ್ ಇರಲಿ ಅಂತ ನಾನೇ ಒತ್ತಾಯ ಮಾಡಿದ್ದೆ, ಒಳಗೆ ಎಸಿ ಅಷ್ಟು ಜೋರು.

ಒಳಗೆ ಹೋಗಿ ಕೂತ ತಕ್ಷಣ ಅಮ್ಮ ನನ್ನ ಕೈ ಹಿಡಿದು, "ಏನೇ ಇದು, ಇಷ್ಟು ಪುಟ್ಟದಾ!" ಅಂದರು. ನಿಜ, ಟಿವಿಯಲ್ಲಿ ಅರಮನೆ ಥರ ಕಾಣುವ ಜಾಗ ಅದು. ನೆಲದ ತುಂಬಾ ದಪ್ಪ ದಪ್ಪ ಕೇಬಲ್, ತಲೆ ಮೇಲೆ ಸಾಲು ಸಾಲು ಲೈಟು, ಕ್ಯಾಮೆರಾಗಳು ಉರುಳಿಕೊಂಡು ನಮ್ಮ ಮುಂದೆಯೇ ಬಂದು ನಿಲ್ಲುತ್ತಿದ್ದವು. ಶೋಗೆ ಮುಂಚೆ ನಮಗೆಲ್ಲ ಚಪ್ಪಾಳೆ ತಟ್ಟುವ ಅಭ್ಯಾಸ ಮಾಡಿಸಿದರು, ಫೋನ್ ಆಫ್ ಮಾಡಿಸಿದರು. ಆಮೇಲೆ ಫ್ಲೋರಿನಲ್ಲಿದ್ದವರು ಬೆರಳು ಮಡಿಸುತ್ತಾ ಐದು, ನಾಲ್ಕು, ಮೂರು ಅಂತ ಎಣಿಸಿದಾಗ ಇಡೀ ಸ್ಟುಡಿಯೋ ಉಸಿರು ಬಿಗಿ ಹಿಡಿದಿತ್ತು. ನನಗೆ ಅತಿ ಇಷ್ಟವಾಗಿದ್ದು ಜಾಹೀರಾತಿನ ಹೊತ್ತು. ಮನೆಯಲ್ಲಿ ಕೂತವರಿಗೆ ಕಾಣದ್ದೆಲ್ಲ ಆಗಲೇ ನಡೆಯುವುದು. ಮೇಕಪ್ ಸರಿ ಮಾಡುವವರು ಓಡಿ ಬರುತ್ತಾರೆ, ಟೇಬಲ್ ಬದಲಾಗುತ್ತದೆ, ಮುಂದಿನ ಐಟಂಗೆ ಸಾಮಾನು ಬಂದು ಕೂರುತ್ತದೆ.

ಬೇರೆ ಶೋ ನೋಡಬೇಕು ಅಂದರೆ, 'ದಿ ವ್ಯೂ', 'ಗುಡ್ ಮಾರ್ನಿಂಗ್ ಅಮೆರಿಕ'ಕ್ಕೆ 1ಐಯೋಟಾ (1iota) ಅನ್ನುವ ವೆಬ್‌ಸೈಟಿನಲ್ಲಿ ಖಾತೆ ತೆರೆದು ಕೇಳಬಹುದು. ಯಾವುದೂ ಸಿಗದಿದ್ದರೆ ರಾಕ್‌ಫೆಲ್ಲರ್ ಪ್ಲಾಜಾಗೆ ಹೋಗಿ. 1952ರಿಂದ ನಡೆಯುತ್ತಿರುವ 'ಟುಡೇ' ಶೋ ಅಲ್ಲಿ ಬೆಳಿಗ್ಗೆ 7ಕ್ಕೆ ಶುರುವಾಗುತ್ತದೆ, ಹೊರಗೆ ಬೇಲಿ ಹತ್ತಿರ ನಿಲ್ಲಲು ಮಾಮೂಲಿ ದಿನಗಳಲ್ಲಿ ಟಿಕೆಟ್ಟೇ ಬೇಡ. ಮತ್ತೆ ಒಂದು ಮಾತು, ಟಿಕೆಟ್ ಸಿಕ್ಕಿಯೂ ಹೋಗಲು ಆಗದಿದ್ದರೆ ದಯವಿಟ್ಟು ಮುಂಚೆಯೇ ಕ್ಯಾನ್ಸಲ್ ಮಾಡಿ, ಕಾಯುತ್ತಿರುವ ಇನ್ಯಾರಿಗಾದರೂ ಆ ಸೀಟು ಸಿಗಲಿ.