ಶುಗೋಶಿನ್ ತನ್ನ ಕೆಲಸ ಮಾಡುತ್ತಿದೆಯೇ? ವರ್ಣತಂತು ಸ್ಪ್ರೆಡ್ ಮಾಡಿ ನೋಡುವ ಕ್ರಮ

ಜೀವಕೋಶ ಎರಡಾಗಿ ಒಡೆಯುವ ಮುನ್ನ ಪ್ರತಿ ವರ್ಣತಂತುವೂ ಜೋಡಿಯಾಗಿರುತ್ತದೆ. ಆ ಎರಡು ಸೋದರಿ ಕ್ರೊಮ್ಯಾಟಿಡ್‌ಗಳನ್ನು ಹಿಡಿದಿಡುವುದು ಕೊಹೆಸಿನ್ ಎಂಬ ಉಂಗುರ. ಎಸ್‌ಎಂಸಿ1, ಎಸ್‌ಎಂಸಿ3, ಆರ್‌ಎಡಿ21 ಮತ್ತು ಒಂದು ಸ್ಟ್ಯಾಗ್ ಪ್ರೋಟೀನ್ ಸೇರಿ ಅದು ಆಗಿದೆ. ವಿಭಜನೆ ಶುರುವಾಗುತ್ತಿದ್ದಂತೆ ಪಿಎಲ್‌ಕೆ1 ಎಂಬ ಕೈನೇಸ್ ಸ್ಟ್ಯಾಗ್ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ, ವಾಪಲ್ ಎಂಬ ಪ್ರೋಟೀನ್ ಉಂಗುರವನ್ನು ತೆರೆಯುತ್ತದೆ, ತೋಳುಗಳ ಮೇಲಿನ ಕೊಹೆಸಿನ್ ಬಹುಪಾಲು ಕಳಚಿ ಬೀಳುತ್ತದೆ. ಜೋಡಿ ಕೂಡಿರುವ ನಡುಗಂಟಾದ ಸೆಂಟ್ರೊಮಿಯರ್‌ನಲ್ಲಿ ಮಾತ್ರ ಹಾಗಾಗುವುದಿಲ್ಲ. ಅಲ್ಲಿ ಶುಗೋಶಿನ್, ಅಂದರೆ ಎಸ್‌ಜಿಒ1, ಪಿಪಿ2ಎ ಎಂಬ ಫಾಸ್ಫಟೇಸ್ ಕಿಣ್ವವನ್ನು ಜೊತೆಗೆ ಕರೆತಂದು ಆ ಫಾಸ್ಫೇಟುಗಳನ್ನು ತೆಗೆಸುತ್ತಿರುತ್ತದೆ. ಎಲ್ಲ ವರ್ಣತಂತುಗಳೂ ಅವನ್ನು ಎರಡು ಧ್ರುವಗಳಿಗೆ ಎಳೆಯುವ ಕದಿರಿಗೆ (ಸ್ಪಿಂಡಲ್) ಸರಿಯಾಗಿ ಕೂಡಿಕೊಂಡ ಮೇಲೆಯೇ ಸೆಪರೇಸ್ ಎಂಬ ಕಿಣ್ವ ಬಂದು ಆರ್‌ಎಡಿ21ಅನ್ನು ಕತ್ತರಿಸುತ್ತದೆ. ಈ ಎಸ್‌ಜಿಒ1 ಇಲ್ಲದಿದ್ದರೆ ಜೋಡಿಗಳು ಹೊತ್ತಿಗೆ ಮೊದಲೇ ಬೇರೆಯಾಗುತ್ತವೆ.

ಇದನ್ನು ಕಣ್ಣಾರೆ ನೋಡಲು, ಕೋಶದ ವರ್ಣತಂತುಗಳನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ ನೋಡುವ ವರ್ಣತಂತು ಸ್ಪ್ರೆಡ್‌ಗಿಂತ ಅಗ್ಗದ, ನೇರವಾದ ಪರೀಕ್ಷೆ ಇಲ್ಲ. ಆದರೆ ಕೋಶಗಳನ್ನು ವಿಭಜನೆಯ ನಡುವೆ ನಿಲ್ಲಿಸುವ ನೊಕೊಡಜೋಲ್ ಔಷಧದ ಹೊತ್ತು ತಪ್ಪಿದರೆ ಇದರಷ್ಟು ಸುಲಭವಾಗಿ ದಾರಿ ತಪ್ಪಿಸುವ ಪರೀಕ್ಷೆಯೂ ಇಲ್ಲ.

ಕೋಶ ಮತ್ತು ಎಸ್‌ಐಆರ್‌ಎನ್‌ಎ

ಎಸ್‌ಐಆರ್‌ಎನ್‌ಎ ಎಂದರೆ ಆರಿಸಿದ ಜೀನನ್ನು ಅಡಗಿಸುವ ಚಿಕ್ಕ ಆರ್‌ಎನ್‌ಎ; ಎಸ್‌ಜಿಒ1ಅನ್ನು ಇಳಿಸುವುದು ಅದರಿಂದಲೇ. ಆರು ಬಾವಿಗಳ (ಗುಳಿಗಳ) ಪ್ಲೇಟಿನಲ್ಲಿ ಬಾವಿಗೆ ಸುಮಾರು 2 ಲಕ್ಷ ಹೀಲಾ ಕೋಶಗಳನ್ನು (ಲ್ಯಾಬಿನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಹಿಂದಿನ ದಿನ ಬಿತ್ತಿ. ಮರುದಿನ ಹೊಸ ಮೀಡಿಯಂ 1.75 ಮಿಲಿ ಹಾಕಿ. 250 ಮೈಕ್ರೊಲೀಟರ್ ಸೀರಮ್ ಇಲ್ಲದ ಮೀಡಿಯಂನಲ್ಲಿ 20 ಮೈಕ್ರೊಮೋಲಾರ್ ಎಸ್‌ಐಆರ್‌ಎನ್‌ಎ 2 ಮೈಕ್ರೊಲೀಟರ್ ಮತ್ತು ಅದನ್ನು ಕೋಶದೊಳಗೆ ಒಯ್ಯುವ ಲಿಪೊಫೆಕ್ಟಮೈನ್ ಆರ್‌ಎನ್‌ಎಐಮ್ಯಾಕ್ಸ್ 5 ಮೈಕ್ರೊಲೀಟರ್ ಬೆರೆಸಿ, ಹತ್ತು-ಹದಿನೈದು ನಿಮಿಷ ಬಿಟ್ಟು, ಹನಿಹನಿಯಾಗಿ ಸೇರಿಸಿ. ಕೊನೆಗೆ ಸಿಗುವ ಪ್ರಮಾಣ 20 ನ್ಯಾನೊಮೋಲಾರ್. ಒಂದು ಬಾವಿಗೆ ಯಾವ ಜೀನನ್ನೂ ಮುಟ್ಟದ ಕಂಟ್ರೋಲ್ ಎಸ್‌ಐಆರ್‌ಎನ್‌ಎ, ಎರಡು ಬಾವಿಗೆ ಎಸ್‌ಜಿಒ1ರ ಬೇರೆಬೇರೆ ಎರಡು ಎಸ್‌ಐಆರ್‌ಎನ್‌ಎ ಇರಲಿ. ಒಂದೇ ಎಸ್‌ಐಆರ್‌ಎನ್‌ಎ ಮೇಲೆ ನಿಂತ ಫಲಿತಾಂಶವನ್ನು ನಂಬಬೇಡಿ. ಅದು ಬೇರೆ ಯಾವುದೋ ಜೀನನ್ನು ಅಡಗಿಸಿರಬಹುದು.

30ರಿಂದ 36 ಗಂಟೆಯ ಹೊತ್ತಿಗೆ ಎಸ್‌ಜಿಒ1 ಕಳೆದುಕೊಂಡ ಬಾವಿಯಲ್ಲಿ ದುಂಡಗಾದ ಕೋಶಗಳು ಎದ್ದು ಕಾಣುತ್ತವೆ. ಬಿಡಿಯಾದ ಕ್ರೊಮ್ಯಾಟಿಡ್‌ಗಳು ಎರಡು ಧ್ರುವಗಳಿಗೂ ಕೂಡಿಕೊಳ್ಳಲಾರವು, ಹಾಗಾಗಿ ಆ ಕೂಡಿಕೆಯನ್ನು ಕಾಯುವ ಚೆಕ್‌ಪಾಯಿಂಟ್ ಬಿಡುಗಡೆ ಕೊಡುವುದಿಲ್ಲ, ಕೋಶ ಮೈಟೋಸಿಸ್‌ನಲ್ಲೇ, ಅಂದರೆ ವಿಭಜನೆಯ ನಡುವೆಯೇ, ನಿಂತುಬಿಡುತ್ತದೆ. ಇನ್ನೂ ಕಾದರೆ ಅವು ಸಾಯುತ್ತವೆ, ನೋಡಬೇಕಾದದ್ದೇ ಕೈತಪ್ಪುತ್ತದೆ.

ನೊಕೊಡಜೋಲ್: ಹೊತ್ತೇ ಮುಖ್ಯ

ಕೊಯ್ಲಿಗೆ ಎರಡು ಗಂಟೆ ಮೊದಲು ಎಲ್ಲ ಬಾವಿಗಳಿಗೂ ನೊಕೊಡಜೋಲ್ ಹಾಕಿ, ಮಿಲಿಗೆ 100 ನ್ಯಾನೊಗ್ರಾಂ. ಡಿಎಂಎಸ್‌ಒದಲ್ಲಿ ಮಿಲಿಗೆ 0.1 ಮಿಲಿಗ್ರಾಂ ಇರುವ ದ್ರಾವಣವಾದರೆ 2 ಮಿಲಿಗೆ 2 ಮೈಕ್ರೊಲೀಟರ್ ಸಾಕು. ಎಸ್‌ಜಿಒ1 ಬಾವಿಯಲ್ಲಿ ಹೇಗೂ ದುಂಡಗಿನ ಕೋಶಗಳಿವೆ ಎಂದು ಅಲ್ಲಿ ಔಷಧ ಬಿಟ್ಟು, ಕಂಟ್ರೋಲಿಗೆ ಮಾತ್ರ ಹಾಕುವುದು ದೊಡ್ಡ ತಪ್ಪು. ಕೋಶ ಮೈಟೋಸಿಸ್‌ನಲ್ಲಿ ಸಿಕ್ಕಿಕೊಂಡಷ್ಟು ಹೊತ್ತೂ ವಾಪಲ್ ಕೆಲಸ ಮಾಡುತ್ತಲೇ ಇರುತ್ತದೆ. ತೋಳುಗಳು ತೆರೆದು ಸೆಂಟ್ರೊಮಿಯರ್ ಒಂದರಲ್ಲೇ ಅಂಟಿಕೊಂಡ ಎಕ್ಸ್ ಆಕಾರ ಬರುತ್ತದೆ. ರಾತ್ರಿಯಿಡೀ ಬಿಟ್ಟರೆ ಆರೋಗ್ಯವಾದ ಕೋಶದಲ್ಲೂ ತೋಳುಗಳು ಪೂರ್ತಿ ತೆರೆದಿರುತ್ತವೆ, ಕೆಲವು ಜೋಡಿಗಳು ಬಿಟ್ಟೂ ಹೋಗಿರುತ್ತವೆ. ಆಗ ಕಂಡದ್ದು ಶುಗೋಶಿನ್ ಇಲ್ಲದ್ದರ ಫಲವೋ ಔಷಧದ ಫಲವೋ ಹೇಳಲಾಗದು.

ಕೊಯ್ಲು

ಮೀಡಿಯಂ ಚೆಲ್ಲಬೇಡಿ. ಸಡಿಲವಾಗಿ ಕೂತ ಮೈಟೋಟಿಕ್ ಕೋಶಗಳೆಲ್ಲ ಅದರಲ್ಲೇ ತೇಲುತ್ತಿರುತ್ತವೆ. ಅದನ್ನು 15 ಮಿಲಿ ಟ್ಯೂಬಿಗೆ ತೆಗೆದು, ಪ್ಲೇಟನ್ನು ಮೆಲ್ಲಗೆ ತಟ್ಟಿ, ಪಿಬಿಎಸ್‌ನಿಂದ ತೊಳೆದದ್ದನ್ನೂ ಅದಕ್ಕೇ ಸೇರಿಸಿ. 200 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ. ಮೇಲಿನದ್ದನ್ನು ತೆಗೆದು ಸುಮಾರು 0.3 ಮಿಲಿ ಉಳಿಸಿ, ಟ್ಯೂಬಿನ ತಳವನ್ನು ಬೆರಳಿಂದ ತಟ್ಟಿ ಪೆಲೆಟ್ ಬಿಡಿಸಿ.

ಈಗ 37 ಡಿಗ್ರಿಗೆ ಬಿಸಿ ಮಾಡಿದ 75 ಮಿಲಿಮೋಲಾರ್ ಪೊಟ್ಯಾಸಿಯಮ್ ಕ್ಲೋರೈಡ್ (100 ಮಿಲಿ ನೀರಿಗೆ 0.56 ಗ್ರಾಂ) 5 ಮಿಲಿಯಷ್ಟನ್ನು ನಿಧಾನವಾಗಿ ಸೇರಿಸಿ, 37 ಡಿಗ್ರಿಯಲ್ಲೇ 10ರಿಂದ 15 ನಿಮಿಷ ಇಡಿ. ಕೋಶಗಳು ನೀರು ಕುಡಿದು ಉಬ್ಬುತ್ತವೆ. ಕಡಿಮೆ ಹೊತ್ತಾದರೆ ವರ್ಣತಂತುಗಳು ಒಂದರ ಮೇಲೊಂದು ಬಿದ್ದು ಗಂಟಾಗಿರುತ್ತವೆ, ಹೆಚ್ಚಾದರೆ ಕೋಶ ಟ್ಯೂಬಿನಲ್ಲೇ ಒಡೆಯುತ್ತದೆ. ಇಲ್ಲಿಂದ ಮುಂದೆ ಪಿಪೆಟ್ಟಿನಿಂದ ಜೋರಾಗಿ ಎಳೆಯಬೇಡಿ.

ಕೋಶಗಳನ್ನು ಇದ್ದಂತೆಯೇ ಹಿಡಿದಿಡುವ ಫಿಕ್ಸೆಟಿವ್ ಎಂದರೆ ಮೂರು ಪಾಲು ಮೆಥನಾಲ್, ಒಂದು ಪಾಲು ಗ್ಲೇಶಿಯಲ್ ಅಸಿಟಿಕ್ ಆಮ್ಲ. ಫ್ಯೂಮ್ ಹುಡ್ ಒಳಗೆ, ಅಂದಿಗಂದೇ ಬೆರೆಸಿ. ಹಳೆಯ ಮಿಶ್ರಣದಲ್ಲಿ ಎಸ್ಟರ್ ಮತ್ತು ನೀರು ಹುಟ್ಟಿಕೊಂಡು ಹಿಡಿತ ಕೆಡುತ್ತದೆ. ಉಬ್ಬಿದ ಕೋಶಗಳಿಗೆ ಮೊದಲು ತಣ್ಣಗಿನ ಫಿಕ್ಸೆಟಿವ್ ಅರ್ಧ ಮಿಲಿ ಮಾತ್ರ ಹಾಕಿ, ತಿರುಗಿಸಿ ತೆಗೆಯಿರಿ. ಆಮೇಲೆ ಟ್ಯೂಬನ್ನು ತಟ್ಟುತ್ತಲೇ ಹನಿಹನಿಯಾಗಿ 5 ಮಿಲಿ. ಒಮ್ಮೆಲೇ ಸುರಿದರೆ ಕೋಶಗಳು ಮುದ್ದೆಗಟ್ಟುತ್ತವೆ, ಮತ್ತೆ ಬಿಡಿಸಲಾಗುವುದಿಲ್ಲ. ಹೀಗೆ ಇನ್ನೆರಡು ಬಾರಿ ಬದಲಿಸಿ. ಮೈನಸ್ 20 ಡಿಗ್ರಿಯಲ್ಲಿ ಇಟ್ಟುಕೊಂಡು ಇನ್ನೊಂದು ದಿನ ಸ್ಲೈಡ್ ಮಾಡಬಹುದು.

ಸ್ಲೈಡ್ ಮತ್ತು ಹವೆ

ಎಥನಾಲ್‌ನಲ್ಲಿ ತೊಳೆದ, ತಣ್ಣಗಿನ ಒದ್ದೆ ಸ್ಲೈಡನ್ನು ಓರೆಯಾಗಿ ಹಿಡಿದು 20-30 ಸೆಂಟಿಮೀಟರ್ ಮೇಲಿನಿಂದ 20 ಮೈಕ್ರೊಲೀಟರ್ ಹನಿ ಬೀಳಿಸಿ. ಎತ್ತರದ ಬಗ್ಗೆ ಜನ ಬಹಳ ಚರ್ಚಿಸುತ್ತಾರೆ, ಆದರೆ ಅದಕ್ಕಿಂತ ಮುಖ್ಯ ಹನಿ ಒಣಗುವ ವೇಗ. ವರ್ಣತಂತುಗಳು ಹರಡಿಕೊಳ್ಳುವುದು ಫಿಕ್ಸೆಟಿವ್ ಆರುತ್ತಿರುವಾಗಲೇ. ಬೇಗ ಒಣಗಿದರೆ ಮೆಟಾಫೇಸ್ (ಒಂದು ಕೋಶದ ವರ್ಣತಂತುಗಳ ಹರವು) ಗುಂಪಾಗಿ, ಸುತ್ತ ಬೂದು ಸೈಟೊಪ್ಲಾಸಂ ಉಳಿದುಕೊಂಡು ಕಾಣುತ್ತದೆ. ತೀರಾ ನಿಧಾನವಾದರೆ ಚೆದುರಿ, ಒಂದು ಕೋಶದ್ದು ಇನ್ನೊಂದಕ್ಕೆ ಬೆರೆಯುತ್ತದೆ. 25 ಡಿಗ್ರಿ, ಅರ್ಧದಷ್ಟು ಆರ್ದ್ರತೆ ಒಳ್ಳೆಯ ಗುರಿ. ಮಂಗಳೂರಿನ ಜುಲೈನಲ್ಲಿ ಸ್ಲೈಡನ್ನು ಬೆಚ್ಚಗಿನ ತಟ್ಟೆಯ ಮೇಲೆ ಒಣಗಿಸಬೇಕಾಗುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಬಿಸಿನೀರಿನ ಹಬೆಗೆ ಕ್ಷಣ ಹಿಡಿದು ಹನಿ ಹಾಕಬೇಕಾಗುತ್ತದೆ. ಮೊದಲ ಸ್ಲೈಡನ್ನು ಬಣ್ಣ ಹಾಕದೆ ಫೇಸ್ ಕಾಂಟ್ರಾಸ್ಟ್‌ನಲ್ಲಿ ನೋಡಿ, ಆಮೇಲೆ ಉಳಿದವನ್ನು ಮಾಡಿ.

ಪೂರ್ತಿ ಒಣಗಿದ ಮೇಲೆ ಪಿಎಚ್ 6.8ರ ಫಾಸ್ಫೇಟ್ ಬಫರ್‌ನಲ್ಲಿ 5 ಶೇಕಡಾ ಜೀಮ್ಸಾ ಬಣ್ಣ, 5ರಿಂದ 7 ನಿಮಿಷ. ತೊಳೆದು, ಒಣಗಿಸಿ, ಡಿಪಿಎಕ್ಸ್ ಎಂಬ ಅಂಟು ಹಾಕಿ ಕವರ್‌ಸ್ಲಿಪ್ ಮುಚ್ಚಿ, 100 ಪಟ್ಟು ಆಯಿಲ್ ಲೆನ್ಸ್‌ನಲ್ಲಿ ನೋಡಿ.

ಎಣಿಕೆ

ಸ್ಲೈಡಿನ ಹೆಸರು ಮುಚ್ಚಿ, ಯಾವುದು ಯಾವುದೆಂದು ತಿಳಿಯದ ಒಬ್ಬರು ಎಣಿಸಲಿ. ಪ್ರತಿ ಸ್ಲೈಡಿಗೆ ಕನಿಷ್ಠ 50, ಸಾಧ್ಯವಾದರೆ 100 ಮೆಟಾಫೇಸ್, ಬೇರೆಬೇರೆ ದಿನ ಮಾಡಿದ ಮೂರು ಪ್ರಯೋಗ. ಪ್ರತಿಯೊಂದನ್ನೂ ನಾಲ್ಕು ಗುಂಪಿನಲ್ಲಿ ಒಂದಕ್ಕೆ ಹಾಕಿ: ತೋಳು ಮುಚ್ಚಿದ್ದು, ತೋಳು ತೆರೆದು ಸೆಂಟ್ರೊಮಿಯರ್ ಕೂಡಿದ್ದು, ಸೆಂಟ್ರೊಮಿಯರ್ ಬಿಟ್ಟಿದ್ದರೂ ಜೋಡಿ ಹತ್ತಿರವೇ ರೈಲು ಹಳಿಯಂತೆ ನಿಂತದ್ದು, ಒಂಟಿ ಕ್ರೊಮ್ಯಾಟಿಡ್‌ಗಳಾಗಿ ಚೆದುರಿದ್ದು. ಎಸ್‌ಜಿಒ1 ಹೋದಾಗ ಹೆಚ್ಚುವುದು ಕೊನೆಯ ಎರಡು. ಎರಡನೆಯದನ್ನು ದೋಷವೆಂದು ಲೆಕ್ಕ ಹಾಕಬೇಡಿ, ಅದು ನೊಕೊಡಜೋಲ್ ಕುಡಿದ ಕೋಶದ ಸಹಜ ರೂಪ.

ಚೆದುರಿದ್ದು ನಿಜವೇ, ಹನಿ ಬಿದ್ದ ರಭಸಕ್ಕೆ ಹಾಗಾಯಿತೇ ಎಂಬ ಅನುಮಾನ ಬಂದರೆ ಎಣಿಸಿ. ರಭಸಕ್ಕೆ ಚೆದುರಿದಾಗ ಜೋಡಿಗಳು ಜೋಡಿಗಳಾಗಿಯೇ ಇರುತ್ತವೆ, ಕೆಲವು ಕಳೆದುಹೋಗಿ ಸಂಖ್ಯೆ ಕಡಿಮೆಯಾಗುತ್ತದೆ. ನಿಜಕ್ಕೂ ಬಿಟ್ಟಿದ್ದರೆ ಸಂಖ್ಯೆ ಇಮ್ಮಡಿಯ ಹತ್ತಿರ ಹೋಗುತ್ತದೆ. ಹೀಲಾ ಕೋಶದಲ್ಲಿ ವರ್ಣತಂತುಗಳ ಸಂಖ್ಯೆ 46ಕ್ಕಿಂತ ಬಹಳ ಹೆಚ್ಚು, ಕೋಶದಿಂದ ಕೋಶಕ್ಕೆ ಬೇರೆ ಕೂಡ. ಎಣಿಕೆಯೇ ಮುಖ್ಯವಾದರೆ 46 ಇರುವ ಆರ್‌ಪಿಇ1 ಅಥವಾ 45 ಇರುವ ಎಚ್‌ಸಿಟಿ116 ಕೋಶಗಳನ್ನು ಆರಿಸಿಕೊಳ್ಳಿ.

ಪ್ರೋಟೀನ್ ನಿಜವಾಗಿ ಇಳಿದಿದೆಯೇ ಎಂದು ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಜೆಲ್‌ನಲ್ಲಿ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ನೋಡುವಾಗ ಮೈಟೋಟಿಕ್ ಕೋಶಗಳನ್ನು ಮೈಟೋಟಿಕ್ ಕೋಶಗಳ ಜೊತೆಗೇ ಹೋಲಿಸಿ. ವಿಭಜನೆ ಮುಗಿದೊಡನೆ ಎಸ್‌ಜಿಒ1 ನಾಶವಾಗುವುದರಿಂದ, ಎಲ್ಲ ಹಂತದ ಕೋಶಗಳ ರಸದಲ್ಲಿ ಅದು ಮೊದಲೇ ಕಡಿಮೆ. ಆರ್‌ಎಡಿ21 ನೋಡುವವರಿಗೂ ಒಂದು ಮಾತು: ಲೆಕ್ಕದಂತೆ ಅದು ಸುಮಾರು 72 ಕಿಲೊಡಾಲ್ಟನ್, ಜೆಲ್‌ನಲ್ಲಿ ಓಡುವುದು 120ರ ಹತ್ತಿರ. ಎಸ್‌ಜಿಒ1 ಸೆಂಟ್ರೊಮಿಯರ್ ಮೇಲೆ ಕೂತಿದೆಯೇ ಎಂದು ಆಂಟಿಬಾಡಿಯಿಂದ ನೋಡಬೇಕಿದ್ದರೆ ಮೇಲಿನ ಸ್ಲೈಡುಗಳು ಕೆಲಸಕ್ಕೆ ಬಾರವು. ಮೆಥನಾಲ್ ಮತ್ತು ಆಮ್ಲ ಪ್ರೋಟೀನುಗಳನ್ನು ಕೆಡಿಸುತ್ತವೆ. ಉಬ್ಬಿಸಿದ ಕೋಶಗಳನ್ನು ಫಿಕ್ಸ್ ಮಾಡದೆ, ಕೋಶಗಳನ್ನು ತಿರುಗಿಸಿ ಸ್ಲೈಡಿಗೆ ಅಂಟಿಸುವ ಸೈಟೊಸ್ಪಿನ್ ಯಂತ್ರದಲ್ಲಿ ಸ್ಲೈಡಿಗೆ ಕೂರಿಸಿ, ಆಮೇಲೆ 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್ ಬಳಸಿ.

ದೋಷ ಎಸ್‌ಜಿಒ1ರದ್ದೇ ಎಂದು ತೋರಿಸಲು ಎಸ್‌ಐಆರ್‌ಎನ್‌ಎ ಮುಟ್ಟದಂತೆ ಬದಲಿಸಿದ ಎಸ್‌ಜಿಒ1 ಜೀನನ್ನು ಮರಳಿ ಹಾಕಿ ಜೋಡಿಗಳು ಕೂಡಿಕೊಳ್ಳುತ್ತವೆಯೇ ನೋಡಿ. ಜೊತೆಗೆ ವಾಪಲನ್ನೂ ಇಳಿಸಿದ ಒಂದು ಬಾವಿ ಇರಲಿ. ಅಲ್ಲಿ ಜೋಡಿಗಳು ಮತ್ತೆ ಹಿಡಿದುಕೊಂಡರೆ, ಕೊಹೆಸಿನ್ ಕತ್ತರಿಸಿ ಹೋದದ್ದಲ್ಲ, ಕಾವಲಿಲ್ಲದೆ ಕಳಚಿದ್ದು ಎಂದರ್ಥ. ಆರ್‌ಎಡಿ21ಅನ್ನೇ ಇಳಿಸಿದ ಬಾವಿಯಲ್ಲಿ ವಾಪಲ್ ತೆಗೆದರೂ ಆ ಸುಧಾರಣೆಯನ್ನು ನಿರೀಕ್ಷಿಸಬೇಡಿ, ಹಿಡಿಯಲು ಉಂಗುರವೇ ಅಲ್ಲಿರುವುದಿಲ್ಲ.